ಏಕವಚನದ ಮೊಕದ್ದಮೆ

"ಸ್ವಲ್ಪ ಗಟ್ಟಿಯಾಗಿ ಹೇಳು" ಎಂಬ ಮಾತು ಹೊರಬಿದ್ದ ಮೇಲೆಯೇ ನ್ಯಾಯಾಧೀಶ ಹಿನ್ನರ್ಕ್ ಓಲ್ಟ್‌ಮನ್ಸ್ ಅವರಿಗೆ ಅದು ತಮ್ಮದೇ ಬಾಯಿಂದ ಬಂದದ್ದು ಎಂದು ಗೊತ್ತಾದದ್ದು. ಹೇಳಿ ಅಲ್ಲ, ಹೇಳು. ಮಕ್ಕಳ ಕೋರ್ಟಿನ ಆ ಚಿಕ್ಕ ಕೋಣೆಯಲ್ಲಿ ಇದ್ದವರು ಒಟ್ಟು ಆರೇ ಜನ, ಆದರೂ ಒಂದು ಸಂತೆಯೇ ಒಮ್ಮೆಗೆ ಬಾಯಿ ಮುಚ್ಚಿಕೊಂಡ ಹಾಗಾಯಿತು. ಎದುರಿನ ಮೇಜಿನ ಹಿಂದೆ ಕುಳಿತಿದ್ದ ಹುಡುಗಿ, ಹತ್ತೊಂಬತ್ತು ವರ್ಷದ ಝೋಜಾನ್ ತೆಮೆಲ್, ತಲೆ ಎತ್ತಿದಳು. ಪೇಟೆ ಬೀದಿಯಲ್ಲಿ ಕರ್ತವ್ಯದ ಮೇಲಿದ್ದ ಪೊಲೀಸಿನವನನ್ನು 'ನೀನು' ಎಂದು ಏಕವಚನದಲ್ಲಿ ಕರೆದು ಅವಮಾನ ಮಾಡಿದಳು ಎಂಬುದು ಅವಳ ಮೇಲಿದ್ದ ಆಪಾದನೆ. ಈಗ ಅದೇ ಏಕವಚನ ನ್ಯಾಯಪೀಠದ ಮೇಲಿನಿಂದ ಇಳಿದು ಬಂದು ಅವಳ ಮುಂದೆ ಕೂತಿತ್ತು. ಅವಳು ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ಈ ಸಲ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು.

"ನಾವಿಬ್ರೂ ಯಾವಾಗ ಜೊತೇಲಿ ಹಂದಿ ಕಾಯ್ದಿದ್ದು, ಜಡ್ಜ್ ಸಾಹೇಬ್ರೇ?"

ಆ ಸೀಮೆಯಲ್ಲಿ, ಗುರುತಿಲ್ಲದವರು ಸಲಿಗೆಯಿಂದ ನೀನು ಎಂದರೆ ಹಳೇ ಕಾಲದ ಹೆಂಗಸರು ತಿರುಗಿಸಿ ಹೇಳುತ್ತಿದ್ದ ಮಾತು ಅದು. ಈಗಿನವರ ಬಾಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಹುಡುಗಿ ಕೆಲಸ ಮಾಡುವುದು ವೃದ್ಧರ ಆರೈಕೆಯ ಮನೆಯಲ್ಲಿ; ಅಲ್ಲಿನ ಮುದುಕಿಯೊಬ್ಬಳು ಕಲಿಸಿರಬೇಕು. ಅಪ್ಪ ಅಮ್ಮ ಕುರ್ದರ ಬೆಟ್ಟದಿಂದ ಬಂದವರಾದರೂ ಹುಡುಗಿ ಹುಟ್ಟಿದ್ದು ಇದೇ ಕರಾವಳಿಯ ಊರಿನಲ್ಲಿ, ಕಡಲ ಒಡ್ಡಿನ ಕೆಳಗಿನ ಬಾಡಿಗೆ ಮನೆಗಳ ಸಾಲಿನಲ್ಲಿ. ಅವಳಿಗೆ ಗೊತ್ತಿಲ್ಲದ್ದು ಒಂದೇ. ಓಲ್ಟ್‌ಮನ್ಸ್ ಅವರು ನಿಜವಾಗಿಯೂ ಹಂದಿ ಕಾಯ್ದವರು. ಒಂಬತ್ತು ವರ್ಷದ ಓಲ್ಟ್‌ಮನ್ಸ್ ಅವರು ಅಪ್ಪನ ರಬ್ಬರ್ ಬೂಟಿಗೆ ಹಳೇ ಬಟ್ಟೆ ತುರುಕಿ ಹಾಕಿಕೊಂಡು, ದಿನಾ ಬೆಳಿಗ್ಗೆ ನೂರ ನಲವತ್ತು ಹಂದಿಗಳಿಗೆ ಮುಸುರೆ ಸುರಿದು, ಆಮೇಲೆ ಸ್ಕೂಲಿಗೆ ಹೋಗುತ್ತಿದ್ದರು. ಎಷ್ಟು ಸೋಪು ಹಾಕಿದರೂ ಹೋಗದ ವಾಸನೆಗೆ ಪಕ್ಕದ ಬೆಂಚಿನ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು, ಮೇಷ್ಟರು ಕಿಟಕಿ ತೆರೆಯುತ್ತಿದ್ದರು. ಏನೂ ಹೇಳದೆ ತೆರೆಯುತ್ತಿದ್ದರು, ಅದೇ ಕಷ್ಟವಾಗಿದ್ದು. ಐವತ್ತೆರಡು ವರ್ಷವಾಯಿತು. ಕಪ್ಪು ನಿಲುವಂಗಿಯನ್ನು ತಿಂಗಳಿಗೊಮ್ಮೆ ಒಗೆಯಲು ಕೊಟ್ಟರೆ ಸಾಕು, ಓಲ್ಟ್‌ಮನ್ಸ್ ಅವರು ವಾರವಾರವೂ ಕೊಡುತ್ತಾರೆ.

ಗುಮಾಸ್ತೆ ಟಮ್ಮೆನ, ಕಂಪ್ಯೂಟರಿನ ಮೇಲೆ ಬೆರಳಿಟ್ಟುಕೊಂಡು, ಇದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಕೇಳಿದಳು. ಯಾವುದನ್ನು ಎಂದು ಓಲ್ಟ್‌ಮನ್ಸ್ ಅವರು ಕೇಳಿದರು. ಎರಡನ್ನೂ ಎಂದಳು ಟಮ್ಮೆನ. ಬೇಡ ಎಂದರು. ಹೇಳಿದ ವೇಗಕ್ಕೆ ತಮಗೇ ನಾಚಿಕೆಯಾಗಿ, ಟೀ ಬಟ್ಟಲಿನ ಕಡೆಗೆ ಕೈ ಚಾಚಿದರು. ಅಲ್ಲಿಯವರು ಟೀಯನ್ನು ಕದಡುವುದಿಲ್ಲ. ತಳದಲ್ಲಿ ಕಲ್ಲುಸಕ್ಕರೆ, ಮೇಲೆ ಕೆನೆ, ಒಗರು ಒಗರಾಗಿ ಶುರುವಾಗಿ ಕೊನೆಗೆ ಸಿಹಿ ಸಿಗಬೇಕು. ಓಲ್ಟ್‌ಮನ್ಸ್ ಅವರು ಎಲ್ಲರ ಎದುರಿಗೆ ಚಮಚ ಹಾಕಿ ಗರಗರನೆ ಕದಡಿದರು. ಕದಡುತ್ತಿದ್ದೇನೆ ಎಂದು ಗೊತ್ತಾಗುವ ಹೊತ್ತಿಗೆ ಕೆನೆಯೆಲ್ಲ ಕಲಸಿಹೋಗಿತ್ತು.

ಇಪ್ಪತ್ತಾರು ವರ್ಷದಲ್ಲಿ ಹೀಗಾದದ್ದಿಲ್ಲ. ಹದಿನಾರು ತುಂಬಿದ ಯಾರನ್ನೂ ಅವರು ಏಕವಚನದಲ್ಲಿ ಕರೆದವರಲ್ಲ. ಸೈಕಲ್ ಕದ್ದವನು, ಸ್ಕೂಲಿನ ಕಿಟಕಿ ಒಡೆದವನು, ದೋಣಿಗೆ ಬೆಂಕಿಯಿಟ್ಟವನು, ಯಾರೇ ಬರಲಿ, 'ಬನ್ನಿ, ಕೂತುಕೊಳ್ಳಿ, ನಿಮ್ಮ ಹೆಸರೇನು' ಎಂದೇ ಶುರು. ಹೊಸದಾಗಿ ಬಂದ ಕಿರಿಯ ನ್ಯಾಯಾಧೀಶರಿಗೆ ಇದರ ಬಗ್ಗೆ ಉಪದೇಶ ಮಾಡುವುದಕ್ಕೆ ಅವರನ್ನು ಬೇರೆ ಊರುಗಳಿಗೂ ಕರೆಯುತ್ತಿದ್ದರು. ಮರ್ಯಾದೆ ಕೊಟ್ಟರೆ ಹುಡುಗ ಅದಕ್ಕೆ ತಕ್ಕಂತೆ ಬೆಳೆಯುತ್ತಾನೆ ಎಂದು ಹೇಳಿ, ಸ್ವಲ್ಪ ತಡೆದು, ಕನ್ನಡಕ ತೆಗೆಯುತ್ತಿದ್ದರು. ಹುಡುಗರು ಮಾತ್ರ ಅವರಿಗೆ ಇಟ್ಟಿದ್ದ ಹೆಸರು 'ಎಲೆ ಜಡ್ಜ್'. ಯಾರು ಏನೇ ಮಾಡಿ ಬಂದರೂ ಓಲ್ಟ್‌ಮನ್ಸ್ ಅವರು ಕೊಡುತ್ತಿದ್ದ ಶಿಕ್ಷೆ ಚರ್ಚಿನ ಸ್ಮಶಾನದಲ್ಲಿ ಇಪ್ಪತ್ತು ಗಂಟೆ ಎಲೆ ಗುಡಿಸುವುದು. ಅಕ್ಟೋಬರಿನಲ್ಲಿ ಸರಿ, ಏಪ್ರಿಲ್‌ನಲ್ಲೂ ಅದೇ. ಏಪ್ರಿಲ್‌ನಲ್ಲಿ ಎಲೆ ಎಲ್ಲಿಂದ ಬರಬೇಕು? ಸ್ಮಶಾನದ ಮೇಸ್ತ್ರಿ ಪಾಪ, ಹಳೇ ರಾಶಿಯನ್ನೇ ಹರಡಿಸಿ ಮತ್ತೆ ಒಟ್ಟು ಮಾಡಿಸುತ್ತಿದ್ದ. ಆಮೇಲೆ ಕ್ಷಮಾಪಣೆಯ ಕಾಗದ, ಒಂದೂವರೆ ಪುಟ, ಕೈಯಲ್ಲೇ ಬರೆದದ್ದು. 'ನನ್ನ ತಪ್ಪಿನಿಂದ ನಿಮಗಾದ ನೋವನ್ನು ನಾನು ಈಗ ಅರಿತಿದ್ದೇನೆ' ಎಂಬ ಒಂದೇ ವಾಕ್ಯವನ್ನು ಊರ ಹುಡುಗರೆಲ್ಲ ಒಬ್ಬರಿಂದೊಬ್ಬರು ನೋಡಿ ಬರೆಯುತ್ತಾರೆ ಎಂಬುದು ಓಲ್ಟ್‌ಮನ್ಸ್ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಓದುವಾಗ ಕಣ್ಣು ತೇವವಾಗುತ್ತಿತ್ತು, ಅದೂ ಅವರಿಗೆ ಗೊತ್ತಿತ್ತು.

ಒಬ್ಬನನ್ನು ಮಾತ್ರ ಎಲೆ ಗುಡಿಸಲು ಕಳಿಸಲಾಗಲಿಲ್ಲ. ಟಾಂಮೋ ಎಂದು ಅವನ ಹೆಸರು, ಹದಿನೇಳರ ಹುಡುಗ, ಐದನೇ ಸಲ ಬಂದಿದ್ದ. ಓಲ್ಟ್‌ಮನ್ಸ್ ಅವರು ಒಂದೇ ಒಂದು ಕಟು ಮಾತಾಡದೆ, ನೀವು, ನಿಮಗೆ ಎನ್ನುತ್ತಲೇ ಅವನನ್ನು ಹದಿನಾಲ್ಕು ತಿಂಗಳು ಒಳಗೆ ಹಾಕಿದರು. ಹೊರಗೆ ಮೊಗಸಾಲೆಯಲ್ಲಿ ಅವನ ತಾಯಿ, ಮೀನಿನ ಅಂಗಡಿಯ ಹೆಂಗಸು, ಅವರ ಕೈ ಹಿಡಿದುಕೊಂಡು, ನನ್ನ ಮಗನನ್ನು ಇಷ್ಟು ಮರ್ಯಾದೆಯಿಂದ ಯಾರೂ ಜೈಲಿಗೆ ಕಳಿಸಿರಲಿಲ್ಲ ಸ್ವಾಮಿ ಎಂದಳು. ಓಲ್ಟ್‌ಮನ್ಸ್ ಅವರು ಆ ಮಾತನ್ನು ಹನ್ನೊಂದು ವರ್ಷ ತಮ್ಮ ಉಪದೇಶಗಳಲ್ಲಿ ಹೇಳಿಕೊಂಡು ಬಂದರು. ಹನ್ನೆರಡನೆಯ ವರ್ಷ, ಒಂದು ಬೆಳಿಗ್ಗೆ ಗಡ್ಡ ಹೆರೆಯುವಾಗ, ಆ ಹೆಂಗಸು ಹೊಗಳಿದ್ದಲ್ಲವೇನೋ ಎಂಬ ಅನುಮಾನ ಬಂತು. ಕೆನ್ನೆ ಸ್ವಲ್ಪ ಕೊಯ್ದುಕೊಂಡಿತು. ಅಂದಿನಿಂದ ಆ ಕಥೆ ಹೇಳುವುದು ಬಿಟ್ಟರು.

ಹಾಗಿರುವಾಗ ಈ ಹುಡುಗಿಗೆ ಮಾತ್ರ ಯಾಕೆ ನೀನು ಬಂತು? ಅವಳು ಗುಬ್ಬಿಯಷ್ಟಿದ್ದಾಳೆ, ಅದಕ್ಕೆ ಎಂದುಕೊಂಡರು. ತಮ್ಮ ಎಡಗಿವಿ ಈಚೆಗೆ ಮಂದವಾಗಿದೆ, ಕೇಳಿಸದ ಸಿಟ್ಟಿಗೆ ಎಂದುಕೊಂಡರು. ಇಪ್ಪತ್ತಾರು ವರ್ಷದಲ್ಲಿ ಎದುರಿಗೆ ಬಂದ ಗುಬ್ಬಿಯಂಥ ಯಾನ್ಸೆನ್‌ಗಳು, ಪಿಸುಗುಟ್ಟುವ ಹಾರ್ಮ್ಸ್‌ಗಳು ಹೀಗೆ ಊರಿನ ಹಳೇ ಮನೆತನಗಳ ಮಕ್ಕಳು ಎಷ್ಟು ಜನವೋ, ಅವರಲ್ಲಿ ಒಬ್ಬರ ಮುಂದೆಯೂ ನಾಲಗೆ ಜಾರಲಿಲ್ಲವಲ್ಲ ಎಂದು ಒಳಗಿನಿಂದ ಯಾರೋ ಕೇಳಿದರು. ಆ ಪ್ರಶ್ನೆಯನ್ನು ಓಲ್ಟ್‌ಮನ್ಸ್ ಅವರು ಕಡತದ ಕೆಳಗೆ ತಳ್ಳಿದರು, ಊಟಕ್ಕೆ ಕೂತಾಗ ಬಂದ ಸಾಲಗಾರನ ಹಾಗೆ ಅದು ಅಲ್ಲೇ ನಿಂತಿತು.

ವಿಚಾರಣೆ ಮುಂದುವರಿಯಿತು. ಪೊಲೀಸಿನ ಉಲ್ಫರ್ಟ್ಸ್ ಸಾಕ್ಷಿ ಹೇಳಿದ. ಐವತ್ತು ದಾಟಿದವನು, ಟೋಪಿಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡಿದ್ದ. ಹುಡುಗಿ ಬೆಳಗಿನ ಪಾಳಿಗೆ ಹೊತ್ತಾಯಿತೆಂದು ನಡೆದು ಹೋಗುವವರ ಬೀದಿಯಲ್ಲಿ ಸೈಕಲ್ ಓಡಿಸಿದಳು, ತಾನು ಹ್ಯಾಂಡಲ್ ಹಿಡಿದು ನಿಲ್ಲಿಸಿದೆ, ಅವಳು 'ನೀನು ಮೊದಲು ಕೈ ತೆಗಿ' ಎಂದಳು, ಜನ ನಕ್ಕರು. ನಿಲ್ಲಿಸುವಾಗ ನೀವು ಏನೆಂದಿರಿ ಎಂದು ಓಲ್ಟ್‌ಮನ್ಸ್ ಅವರು ಕೇಳಿದ್ದಕ್ಕೆ, ಇಳಿ ಅಂದೆನೋ ಇಳಿಯಿರಿ ಅಂದೆನೋ ನೆನಪಿಲ್ಲ ಎಂದ. ಆಮೇಲೆ ಯಾರೂ ಕೇಳದೆಯೇ, ಎರಡು ಕಿವಿಯೂ ಬಿಸಿಯಾಗಿ ಆ ಬಿಸಿ ಬೆನ್ನಿಗೆ ಇಳಿಯಿತು, ಅವತ್ತು ಸಾಯಂಕಾಲ ಹೆಂಡತಿಯ ಹತ್ತಿರ ಮಾತಾಡಲಿಕ್ಕೆ ಆಗಲಿಲ್ಲ ಎಂದು ಹೇಳಿದ. ಒಂದು ಸಣ್ಣ ನೀನುವಿಗೆ ಇಷ್ಟೊಂದು ಕಿವಿಯೇ ಎಂದು ಓಲ್ಟ್‌ಮನ್ಸ್ ಅವರಿಗೆ ಒಳಗೊಳಗೇ ನಗು ಬಂತು. ಗಲ್ಲ ನೀವಿ ಅದನ್ನು ಮುಚ್ಚಿಕೊಂಡರು.

ಹುಡುಗಿಯ ಕಷ್ಟವನ್ನು ಮಕ್ಕಳ ಇಲಾಖೆಯ ಸಾಂಟ್ಯರ್ ಹೇಳಿದ. ಅವಳ ತರಬೇತಿ ಮುಗಿದಿದೆ. ಆರೈಕೆಯ ಮನೆಯಲ್ಲಿ ಒಂದೇ ಒಂದು ಕಾಯಂ ಜಾಗವಿದೆ. ಮೊಕದ್ದಮೆ ಶಿಕ್ಷೆಯಿಲ್ಲದೆ ಮುಗಿಯಿತು ಎಂಬ ಕಾಗದವನ್ನು ನಾಳೆ ಮಧ್ಯಾಹ್ನದೊಳಗೆ ತಂದರೆ ಅದು ಇವಳಿಗೆ, ಇಲ್ಲದಿದ್ದರೆ ಕಾದು ಕುಳಿತಿರುವ ಇನ್ನೊಬ್ಬಳಿಗೆ ಎಂದು ಅಲ್ಲಿನ ಯಜಮಾನಿ ಖಡಾಖಂಡಿತವಾಗಿ ಹೇಳಿದ್ದಾಳೆ. ಓಲ್ಟ್‌ಮನ್ಸ್ ಅವರ ಮುಖ ಅರಳಿತು. ಅವರ ಕಾಯ್ದೆಯಲ್ಲಿ ಅದಕ್ಕೊಂದು ಒಳದಾರಿ ಇತ್ತು. ಹದಿನೆಂಟು ದಾಟಿ ಇಪ್ಪತ್ತೊಂದು ತುಂಬದವರು ದೊಡ್ಡವರೋ ಚಿಕ್ಕವರೋ ಎಂಬುದನ್ನು ನ್ಯಾಯಾಧೀಶನೇ ಅಳೆದು ಹೇಳಬೇಕು. ಬುದ್ಧಿ ಇನ್ನೂ ಬಲಿತಿಲ್ಲ ಎಂದು ಬರೆದರೆ ಮಕ್ಕಳ ಕಾಯ್ದೆಯ ಮೇಲೆ ಅಲ್ಲೇ ಕೈಬಿಡಬಹುದು. ದೊಡ್ಡವಳು ಎಂದರೆ ದೊಡ್ಡವರ ಕಾಯ್ದೆ, ದಂಡ. ಸರ್ಕಾರದ ವಕೀಲೆ ಗ್ರೋಟೆಯವರು ದಂಡವೇ ಆಗಬೇಕು ಎಂದು ಹಟ ಹಿಡಿದಿದ್ದರು. ಪೊಲೀಸಿನವರಿಗೆ ಬೀದಿಯಲ್ಲಿ ಮರ್ಯಾದೆ ಉಳಿಯದಿದ್ದರೆ ನಮಗೆ ಕೋರ್ಟಿನಲ್ಲಿ ಉಳಿಯುತ್ತದೆಯೇ ಎಂದಿದ್ದರು. ಓಲ್ಟ್‌ಮನ್ಸ್ ಅವರು ಕೈ ಜೋಡಿಸಿ ಮುಂದಕ್ಕೆ ಬಾಗಿ, ಮನುಷ್ಯನೊಬ್ಬ ಹೊಳೆಯಲ್ಲಿ ಬಿದ್ದವನಿಗೆ ಹಗ್ಗ ಎಸೆಯುವಾಗ ಮಾಡುವ ಮುಖ ಮಾಡಿಕೊಂಡು, ನೀವು ಅಂಥ ಸಮಯದಲ್ಲಿ ಮಗುವಿನ ಹಾಗೆ ನಡೆದುಕೊಂಡಿರಿ ಎಂದು ಬರೆದು ಈಗಲೇ ಮುಗಿಸಿಬಿಡಲೇ ಎಂದು ಕೇಳಿದರು. ನೀವು ಎಂಬುದನ್ನು ಒತ್ತಿಯೇ ಹೇಳಿದರು. ಆ ಕಾಗದದ ಜೊತೆಗೆ ತಮ್ಮ ನೀನುವೂ ಮೂಲೆ ಸೇರುತ್ತದೆ ಎಂಬ ಲೆಕ್ಕ ಒಳಗೆ ಇತ್ತು. ಮಗುವಾದರೆ ನೀನು ಎಂದದ್ದು ತಪ್ಪೇ ಅಲ್ಲವಲ್ಲ.

"ಬುದ್ಧಿ ಬಲಿತಿಲ್ಲ ಅಂತ ಬರೆದಿರೋ ಕಾಗದ ಹಿಡ್ಕೊಂಡು ಹೋಗಿ, ಮುದುಕರಿಗೆ ಮಾತ್ರೆ ಕೊಡೋ ಕೆಲಸ ಕೇಳ್ಲಾ ನಾನು?" ಎಂದಳು ಹುಡುಗಿ. "ಬೇಡ. ದಂಡ ಹಾಕಿ. ಕೆಲಸ ಹೋದ್ರೆ ದೊಡ್ಡವಳಾಗೇ ಹೋಗ್ಲಿ."

ಹಗ್ಗ ಎಸೆದವರಿಗೆ, ಹೊಳೆಯಲ್ಲಿರುವವಳು ಹಗ್ಗದ ಗುಣಮಟ್ಟ ಕೇಳಿದ ಹಾಗಾಯಿತು. ಓಲ್ಟ್‌ಮನ್ಸ್ ಅವರು ಹತ್ತು ನಿಮಿಷ ಬಿಡುವು ಎಂದು ಹೇಳಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕನ್ನಡಿಯ ಮುಂದೆ ನಿಂತು ನಿಲುವಂಗಿಯ ತೋಳನ್ನು ಮೂಗಿಗೆ ಹಿಡಿದರು. ಸೋಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ಇನ್ನೊಂದು ತೋಳನ್ನೂ ಹಿಡಿದರು. ದಂಡ ಹಾಕಿಬಿಡಬೇಕು ಎಂಬ ಆಸೆ ಹೊಟ್ಟೆಯಿಂದ ಮೇಲಕ್ಕೆ ಬಂತು. 'ನೀವು' ಬೇಕೇನಮ್ಮ, ತಗೋ 'ನೀವು', ಅದರ ಜೊತೆಗೆ ಬರುವುದನ್ನೂ ತಗೋ. ಆ ಆಸೆ ಎಷ್ಟು ಹಿತವಾಗಿತ್ತೆಂದರೆ ಅವರಿಗೇ ಹೆದರಿಕೆಯಾಯಿತು. ಆದರೆ ದಂಡ ಹಾಕಬೇಕಾದರೆ ಏಕವಚನ ಅವಮಾನ ಎಂದು ಬರೆಯಬೇಕು. ಅವಮಾನವಾದರೆ ಮುಂಜಾನೆ ನ್ಯಾಯಪೀಠದ ಮೇಲಿನಿಂದ ಆದದ್ದೇನು? ಅದನ್ನು ಟಮ್ಮೆನ ಬರೆದುಕೊಂಡಿಲ್ಲ, ನಿಜ. ಆರು ಜನ ಬರೆದುಕೊಂಡಿದ್ದಾರೆ. ಹೋಗಿ ಅವಳ ಮುಂದೆ ನಿಂತು, ನಿಮಗೆ ಹಾಗೆ ಅನ್ನಬಾರದಿತ್ತು, ತಪ್ಪಾಯಿತು ಎಂದರೆ ಒಂದು ನಿಮಿಷದಲ್ಲಿ ಮುಗಿಯುವ ಕೆಲಸ. ನಾಲ್ಕಾರು ಸಾವಿರ ಹುಡುಗರ ಕೈಯಲ್ಲಿ ಒಂದೂವರೆ ಪುಟದ ಕ್ಷಮಾಪಣೆ ಬರೆಸಿದ ಓಲ್ಟ್‌ಮನ್ಸ್ ಅವರು ಆ ವಾಕ್ಯವನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದರು. ಎರಡು ಸಲವೂ ಬೇರೆ ಯಾರದೋ ಹಲ್ಲಿನ ಸೆಟ್ಟು ಬಾಯಿಗೆ ಹಾಕಿಕೊಂಡ ಹಾಗಾಯಿತು. ಆಗ ಅಪ್ಪ ನೆನಪಿಗೆ ಬಂದ. ಅಪ್ಪನಿಗೆ ಬರುತ್ತಿದ್ದದ್ದು ಊರ ಮಾತು ಒಂದೇ, ಪ್ಲಾಟ್ ಎಂಬ ಆಡುನುಡಿ. ಆ ಮಾತಿನಲ್ಲಿ ಅವನು ದನದ ಡಾಕ್ಟರನ್ನೂ ಪಾದ್ರಿಯನ್ನೂ ಬ್ಯಾಂಕಿನ ಮ್ಯಾನೇಜರನ್ನೂ ನೀನು ಎಂದೇ ಕರೆಯುತ್ತಿದ್ದ, ಯಾರಿಗೂ ಕಿವಿ ಬಿಸಿಯಾಗುತ್ತಿರಲಿಲ್ಲ. ನೀವು ಎಂಬುದನ್ನು ಓಲ್ಟ್‌ಮನ್ಸ್ ಅವರು ಕಲಿತದ್ದು ಸ್ಕೂಲಿನಲ್ಲಿ, ಗೆಣ್ಣಿನ ಮೇಲೆ ರೂಲುದೊಣ್ಣೆಯ ಏಟು ತಿಂದು. ಇಷ್ಟು ವರ್ಷ ಯಾರ ಮುಂದೆಯೂ ತೆಗೆಯದ ಅಪ್ಪನನ್ನು ಓಲ್ಟ್‌ಮನ್ಸ್ ಅವರು ಈಗ, ಬೇಕಾದಾಗ, ಅಟ್ಟದಿಂದ ಇಳಿಸಿ ದೂಳು ಕೊಡವಿದರು.

ಕೋರ್ಟಿನ ಕೋಣೆಗೆ ಮರಳಿ ಬಂದು ನಿಂತು ತೀರ್ಪು ಓದಿದರು. ಹುಡುಗಿ ಬುದ್ಧಿ ಬಲಿತವಳು, ದೊಡ್ಡವಳು. ಆದರೂ ಖುಲಾಸೆ. ಯಾಕೆಂದರೆ ಈ ಕರಾವಳಿಯಲ್ಲಿ ಏಕವಚನ ಎಂಬುದು ತಲೆತಲಾಂತರದಿಂದ ಅವಮಾನವಲ್ಲ, ಅದು ಗಾಳಿಯ ಹಾಗೆ ಎಲ್ಲರಿಗೂ ಸೇರಿದ್ದು. ಇಲ್ಲಿನ ಹಿರಿಯರು ದೊರೆಯನ್ನೂ ಆಳನ್ನೂ ಒಂದೇ ಮಾತಿನಿಂದ ಕರೆದವರು. ಇಲ್ಲಿ ಹುಟ್ಟಿ ಬೆಳೆದ ಆಪಾದಿತೆಯ ಬಾಯಿಗೆ ಅವಸರದಲ್ಲಿ ಬಂದದ್ದೂ ಈ ಮಣ್ಣಿನ ಮಾತೇ. ಹೇಳುತ್ತಾ ಹೇಳುತ್ತಾ ಕನ್ನಡಕ ತೆಗೆದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹುಡುಗಿಗೆ ಕೆಲಸ, ತಮಗೆ ಶುದ್ಧಿ. ಮುಂಜಾನೆಯ ನೀನು ಈಗ ಜಾರಿದ ನಾಲಗೆಯಲ್ಲ, ಅಜ್ಜ ಮುತ್ತಜ್ಜರ ಆಸ್ತಿ. ಹುಡುಗಿ ಮಾತ್ರ ಅಳಲಿಲ್ಲ, ನಗಲಿಲ್ಲ. ತೂಕ ಹಾಕುವಾಗ ಅಂಗಡಿಯವನ ಬೆರಳು ಎಲ್ಲಿದೆ ಎಂದು ನೋಡುವವಳ ಹಾಗೆ ನೋಡುತ್ತಿದ್ದಳು.

ಇನ್ನು ಉಳಿದದ್ದು ಒಂದು ಸಣ್ಣ ಶಾಸ್ತ್ರ. ತೀರ್ಪು ಆದ ಮೇಲೆ ಎರಡು ಕಡೆಯವರೂ ಮೇಲ್ಮನವಿ ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಅಲ್ಲಿಗೇ ಮುಗಿಯಿತು, ಕಾಗದ ಅಂದೇ ಕೈಗೆ. ಒಬ್ಬರು ತಡೆದರೂ ಒಂದು ವಾರ ಕಾಯಬೇಕು, ಕಾಗದ ನಾಳೆ ಮಧ್ಯಾಹ್ನಕ್ಕೆ ಸಿಗುವುದಿಲ್ಲ. ಹುಡುಗಿ ತನ್ನದೇನೂ ಇಲ್ಲ ಎಂದಳು. ಗ್ರೋಟೆಯವರು ಪೆನ್ನಿನ ತುದಿ ಕಚ್ಚಿಕೊಂಡು, ಊರ ಮಾತಿನ ವಿಷಯ ತಮಗೆ ಹೊಳೆದಿರಲಿಲ್ಲ, ನಿಜವಾಗಿಯೂ ಇಲ್ಲಿಯವರಿಗೆ ಅದು ತಟ್ಟುವುದೇ ಇಲ್ಲವೆಂದಾದರೆ ತಮ್ಮ ತಕರಾರೂ ಇಲ್ಲ, ಒಂದು ಕ್ಷಣ ಯೋಚಿಸುತ್ತೇನೆ ಎಂದರು. ಅವರು ದೂರದ ದಕ್ಷಿಣದವರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದಾಗ ಉಲ್ಫರ್ಟ್ಸ್ ಎದ್ದು ಟೋಪಿ ಹಾಕಿಕೊಂಡ. ನ್ಯಾಯಪೀಠದ ಹತ್ತಿರ ಬಂದು, ಸ್ಕೂಲಿನ ಭಾಷೆ ಬಿಟ್ಟು, ಊರ ಮಾತಿನಲ್ಲಿ ಹೇಳಿದ.

"ತೀರ್ಪು ಚೆನ್ನಾಗಿ ಕೊಟ್ಟೆ ಕಣೋ ಹಿನ್ನರ್ಕ್. ನಿನಗೂ ಅನುಕೂಲ ಆಯ್ತು."

ಓಲ್ಟ್‌ಮನ್ಸ್ ಅವರಿಗೆ ಮೊದಲು ಅದು ಅರ್ಥವೇ ಆಗಲಿಲ್ಲ. ಆಮೇಲೆ ಎರಡು ಕಿವಿಯೂ ಬಿಸಿಯಾದವು, ಬಿಸಿ ಕುತ್ತಿಗೆಯ ಹಿಂದಿನಿಂದ ಬೆನ್ನಿಗೆ ಇಳಿಯಿತು, ಒಂದೊಂದು ಮೂಳೆಯನ್ನೂ ಎಣಿಸಿಕೊಂಡು ಇಳಿಯಿತು. ಕೋರ್ಟಿನ ಮರ್ಯಾದೆ ಕೆಡಿಸಿದವನಿಗೆ ನಿಂತ ಕಾಲಿನ ಮೇಲೆ ದಂಡ ಹಾಕುವ ಅಧಿಕಾರ ಅವರಿಗಿತ್ತು. ಅದರ ಕಲಮು, ಎಷ್ಟರವರೆಗೆ ಹಾಕಬಹುದೆಂಬ ಮೊತ್ತ, ಎಲ್ಲ ನಾಲಗೆಯ ಮೇಲೆ ಬಂದು ಸಾಲಾಗಿ ನಿಂತವು. ಯಾರ ಹತ್ತಿರ ಮಾತಾಡುತ್ತಿದ್ದೀರಿ ಗೊತ್ತೇ ಎಂಬ ವಾಕ್ಯ ಹಲ್ಲಿನ ಹಿಂದೆ ಬಂದು ತಟ್ಟಿತು. ಗ್ರೋಟೆಯವರು ಕಚ್ಚುತ್ತಿದ್ದ ಪೆನ್ನನ್ನು ಬಾಯಿಂದ ತೆಗೆದು, ತಲೆ ಓರೆ ಮಾಡಿ, ಅವರ ಮುಖವನ್ನೇ ನೋಡುತ್ತಿದ್ದರು. ಇಲ್ಲಿಯವರಿಗೆ ತಟ್ಟುತ್ತದೋ ಇಲ್ಲವೋ ಎಂಬುದಕ್ಕೆ ಅವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುತ್ತಿರಲಿಲ್ಲ. ಉಲ್ಫರ್ಟ್ಸ್ ಅವಸರವಿಲ್ಲದೆ ನಿಂತಿದ್ದ. ಹುಡುಗಿಯ ಎರಡು ಕೈಗಳೂ ಮೇಜಿನ ಅಂಚನ್ನು ಹಿಡಿದಿದ್ದವು. ಬೆಳಗಿನಿಂದ ಅವಳು ಹೆದರಿದ್ದು ಅದೇ ಮೊದಲು.

ಓಲ್ಟ್‌ಮನ್ಸ್ ಅವರು ಉಗುಳು ನುಂಗಿದರು. ಒಂದು ಸಲಕ್ಕೆ ಇಳಿಯಲಿಲ್ಲ, ಎರಡು ಸಲ ನುಂಗಿದರು.

"ಹೂಂ. ಹೋಗಿ ಬಾ, ಉಲ್ಫರ್ಟ್ಸ್" ಎಂದರು, ಊರ ಮಾತಿನಲ್ಲೇ. ಐವತ್ತು ವರ್ಷ ಬಳಸದ ಮಾತು, ಕೀಲು ತುಕ್ಕು ಹಿಡಿದ ಗೇಟಿನ ಹಾಗೆ ಕಿರುಗುಟ್ಟಿತು. ನಗಲೂ ನೋಡಿದರು. ಉಲ್ಫರ್ಟ್ಸ್ ಟೋಪಿ ಮುಟ್ಟಿ ಹೊರಟುಹೋದ. ಗ್ರೋಟೆಯವರು ಇನ್ನೊಂದು ಗಳಿಗೆ ನೋಡಿ, ಸರಿ, ನನ್ನದೂ ಏನಿಲ್ಲ ಎಂದರು. ಟಮ್ಮೆನ ಕಾಗದ ತೆಗೆದು ತಂದಳು, ಓಲ್ಟ್‌ಮನ್ಸ್ ಅವರು ಓದದೆ ಸಹಿ ಹಾಕಿದರು.

ತಾವು ಈಗ ಮಾಡಿದ್ದು ಏನೆಂದು ಹುಡುಗಿಗೆ ತಿಳಿಯಿತೇ? ಅದೊಂದೇ ಯೋಚನೆ ಅವರಿಗೆ. ಆ ಬಿಸಿಯನ್ನು ತಾವು ಹೇಗೆ ನುಂಗಿದೆವು, ಯಾರಿಗೋಸ್ಕರ ನುಂಗಿದೆವು, ಇಪ್ಪತ್ತಾರು ವರ್ಷದಲ್ಲಿ ಹೀಗೆ ಒಂದು ಸಲವಾದರೂ ಯಾರಾದರೂ ನುಂಗಿದ್ದುಂಟೇ. ಅವಳೊಮ್ಮೆ ಕಣ್ಣೆತ್ತಿ ನೋಡಿದರೆ ಸಾಕು, ಆ ನೋಟವನ್ನು ಮನೆಗೆ ಕೊಂಡುಹೋಗಿ ಮುಂದಿನ ವರ್ಷಗಳಿಗೆಲ್ಲ ಇಟ್ಟುಕೊಳ್ಳಬಹುದು. ಹುಡುಗಿ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು. ಓದಿ ಮುಗಿಸಿ ನ್ಯಾಯಪೀಠದ ಮುಂದೆ ಬಂದು, ಕಾಗದವನ್ನು ಅವರ ಕಡೆಗೆ ತಿರುಗಿಸಿ ಇಟ್ಟು, ಒಂದು ಜಾಗದ ಮೇಲೆ ಬೆರಳು ಇಟ್ಟಳು. ಟಮ್ಮೆನ ತನ್ನ ಕಿವಿಗೆ ಬಿದ್ದ ಹಾಗೆ ಸೋಸಾನ್ ಎಂದು ಬರೆದಿದ್ದಳು.

"ಇದು ನಾನಲ್ಲ. ತಿದ್ದಿಕೊಡಿ. ಪಕ್ಕದಲ್ಲಿ ಇನ್ನೊಂದು ಸಹಿ ಹಾಕಿ, ಇಲ್ದಿದ್ರೆ ಅವ್ರು ತಗೊಳ್ಳಲ್ಲ."

ಅಕ್ಷರ ಅಕ್ಷರವಾಗಿ ಹೇಳಿದಳು, ಅವರು ಅಕ್ಷರ ಅಕ್ಷರವಾಗಿ ಬರೆದರು. ನಡುವೆ ಒಮ್ಮೆ ತಲೆಯೆತ್ತಿ, ಮುಂಜಾನೆ ನಾನು, ಎಂದು ಶುರು ಮಾಡಿದರು. ಅವಳು ಕಾದಳು. ವಾಕ್ಯ ಮುಂದಕ್ಕೆ ಹೋಗಲಿಲ್ಲ. ಇನ್ನೊಂದು ಸಹಿ ಎಂದು ಅವಳು ನೆನಪಿಸಿದಳು.

ಝೋಜಾನ್ ತೆಮೆಲ್ ಅವರು ಶಾಯಿ ಆರುವ ತನಕ ನಿಂತು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟುಕೊಂಡು, ಎಲ್ಲರಿಗೂ ಬರುತ್ತೇನೆಂದು ಹೇಳಿ ಹೊರಟರು. ಹಿನ್ನರ್ಕ್ ಪೆನ್ನಿನ ಮುಚ್ಚಳ ಹುಡುಕುತ್ತಾ ಕೂತಿದ್ದ.